ಆರ್ಡರಿಲ್ಲದೆ ನೇಯುವ ಮಗ್ಗ

ನಮ್ಮ ಪಕ್ಕದ ಮನೆಯ ಪೆದ್ದಯ್ಯನಿಗೆ ಸ್ನಾನವೆಂದರೆ ಭಯ. ಕೊಳಕು ಮನುಷ್ಯರೇನಲ್ಲ. ಒಗೆದ ಪಂಚೆ ಉಟ್ಟು, ಹಣೆಗೆ ವಿಭೂತಿ ಇಡದೆ ಮಗ್ಗಕ್ಕೆ ಇಳಿದವರೇ ಅಲ್ಲ. ಆದರೆ ಬಿಸಿನೀರು ಮೈಮೇಲೆ ಬಿತ್ತೆಂದರೆ ಅರ್ಧ ತಾಸು ಅವರ ಮೈಯೆಲ್ಲ ಇರುವೆ ಹರಿದಾಡಿದ ಹಾಗೆ ತುರಿಕೆ. ಕಜ್ಜಿಯಿಲ್ಲ, ದದ್ದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಬಚ್ಚಲಿನಿಂದ ಬಂದವರು ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತ ನಿಂತುಬಿಡುತ್ತಿದ್ದರು, ಎಮ್ಮೆ ಗೂಟಕ್ಕೆ ಉಜ್ಜಿಕೊಳ್ಳುವಂತೆ.

ಅವರ ಹೆಂಡತಿ, ನಮಗೆಲ್ಲ ಪೆದ್ದಮ್ಮ, ಸೋಪು ಬದಲಾಯಿಸಿದರು, ಸೋಪು ಬಿಡಿಸಿ ಕಡಲೆಹಿಟ್ಟು ಹಚ್ಚಿಸಿದರು, ಬೋರಿನ ನೀರಿನದೇ ದೋಷವೆಂದು ದೂರದ ಬಾವಿಯಿಂದ ನೀರು ತರಿಸಿದರು. ಯಾವುದಕ್ಕೂ ಜಗ್ಗಲಿಲ್ಲ.

"ನೀರು ಬದ್ಲಾಯ್ಸಿದ್ದು ಸಾಕಾತು, ಇನ್ನ ಗಂಡನ್ನೇ ಬದ್ಲಾಯಿಸ್ತೀನಿ" ಎಂದು ಪೆದ್ದಮ್ಮ ಅಂಗಳದಲ್ಲಿ ನಿಂತು ಹೇಳಿದರೆ, ಒಳಗಿನಿಂದ ಉತ್ತರ ಬರುತ್ತಿತ್ತು: "ಬೇಗ ಕರ್ಕಂಡು ಬಾ. ನನ್ ಬೆನ್ನು ಕೆರೆಯಕ್ಕೆ ಒಬ್ಬ ಬೇಕಾಗಿದಾನೆ."

ಆ ತುರಿಕೆ ನೀರಿನದೂ ಅಲ್ಲ, ಚರ್ಮದದೂ ಅಲ್ಲ, ರಕ್ತದ್ದು ಎಂದು ತಿಳಿದದ್ದು ಬಹಳ ತಡವಾಗಿ. ಅವರು ತೀರಿಕೊಂಡು ವರ್ಷ ತುಂಬಿತು. ಆ ರಕ್ತದ ಕಥೆಯನ್ನು ಅರ್ಧ ಅವರ ಜೊತೆಗೇ ಬದುಕಿದವಳು ನಾನು. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಪರಶುರಾಂಪುರದ ಕಡೆಯವಳು. ಮದುವೆಯಾಗಿ ಮೊಳಕಾಲ್ಮುರಿಗೆ ಬಂದೆ. ನಮ್ಮ ಮನೆಯವರದು ಹಿಟ್ಟಿನ ಗಿರಣಿ. ನಮ್ಮ ದೇವರ ಮನೆಯ ಗೋಡೆಯ ಆಚೆ ಬದಿಗೆ ಪೆದ್ದಯ್ಯನ ಮಗ್ಗ. ನೆಲದಲ್ಲಿ ಗುಣಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲನ್ನು ಗುಣಿಯೊಳಗೆ ಇಳಿಬಿಟ್ಟು ತುಳಿಯುವ ಹಳೆಯ ರೇಷ್ಮೆ ಮಗ್ಗ. ಬೆಳಿಗ್ಗೆ ನಾನು ದೀಪ ಹಚ್ಚುವ ಹೊತ್ತಿಗೆ ಅತ್ತ ಲಾಳಿ ಓಡಲು ಶುರುವಾಗುತ್ತಿತ್ತು. ಹೊಸದರಲ್ಲಿ, ಮಂತ್ರ ಹೇಳುವಾಗ ಇದೇನು ಟಕಟಕ ಎಂದು ಬೇಸರವಾಗುತ್ತಿತ್ತು. ಆಮೇಲಾಮೇಲೆ ಆ ಸದ್ದಿಲ್ಲದಿದ್ದರೆ ಪೂಜೆ ಮಾಡಿದ ಹಾಗೇ ಅನ್ನಿಸುತ್ತಿರಲಿಲ್ಲ.

ಪೆದ್ದಯ್ಯ ಎಂದರೆ ಅವರ ಮನೆಮಾತು ತೆಲುಗಿನಲ್ಲಿ ದೊಡ್ಡಪ್ಪ, ಅಷ್ಟೇ; ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರದೇ ರೀತಿ. "ಸೀರೆ ಉಟ್ಟೋರ ಮೈಮೇಲೆ ಇರ್ತೈತೆ, ಮಾರೋರ ಹೆಸ್ರು ಚೀಲದ ಮೇಲೆ ಇರ್ತೈತೆ. ನೇಯ್ದೋನ ಹೆಸ್ರು ಎಲ್ಲೂ ಇರಲ್ಲ. ಇಲ್ದಿದ್ರೇನೇ ಚಂದ ಕಣಮ್ಮ, ತಪ್ಪಾಗಿದ್ರೆ ಯಾರೂ ಮನೆ ಹುಡ್ಕ್ಕಂಡು ಬರಲ್ಲ" ಎನ್ನುತ್ತಿದ್ದರು. ತಪ್ಪು ಮಾಡುವ ಕೈಯೇನೂ ಅವರದಲ್ಲ.

ನೋಡಲು ಅವರು ಕೆಂಪಗೆ ಹೊಳೆಯುತ್ತಿದ್ದರು. ಮುಖ ಕೆಂಪು, ಅಂಗೈ ಕೆಂಪು, ಕಣ್ಣಿನ ಬಿಳಿಯಲ್ಲೂ ಕೆಂಪು ಗೆರೆಗಳು. ನಮ್ಮ ಕಡೆ ಯಾರನ್ನಾದರೂ ಹೊಗಳಬೇಕಾದರೆ ಮೈಯಲ್ಲಿ ರಕ್ತ ಚೆನ್ನಾಗೈತೆ ಎನ್ನುವುದಲ್ಲವೇ. ಅರವತ್ತರ ಹತ್ತಿರ ಬಂದರೂ ಪೆದ್ದಯ್ಯನನ್ನು ಎಲ್ಲರೂ ಹಾಗೇ ಹೊಗಳುತ್ತಿದ್ದರು. ನಾನೋ, ಅವರ ಪಕ್ಕ ನಿಂತರೆ ಸುಣ್ಣ ಬಳಿದ ಗೋಡೆ. ತಿಂಗಳ ಮುಟ್ಟು ನನ್ನನ್ನು ಹಿಂಡಿ ಹಾಕುತ್ತಿತ್ತು. ಒಂದು ಕೊಡ ನೀರು ಎತ್ತಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆದರೂ ಅಡಿಗೆ, ಪೂಜೆ, ಗಿರಣಿಗೆ ಊಟದ ಡಬ್ಬಿ ಎಲ್ಲ ನಡೆಯುತ್ತಿತ್ತು. ಬಿದ್ದು ಹಾಸಿಗೆ ಹಿಡಿಸಲಿಲ್ಲವಲ್ಲ, ಅದೇ ದೇವರು ಮಾಡಿದ ಉಪಕಾರ.

ಪೆದ್ದಯ್ಯನದು ಒಂದು ಹರಕೆ ಇತ್ತು. ಅವರ ಹಿರಿಯ ಮಗಳು ಹುಟ್ಟುವಾಗ ಪೆದ್ದಮ್ಮನಿಗೆ ರಕ್ತ ಹೋಗಿ ಹೋಗಿ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ಇನ್ನೇನು ಇಲ್ಲ ಎನ್ನುವಂತಾಗಿತ್ತಂತೆ. ಬೇರೆ ಯಾರನ್ನೋ ನೋಡಲು ಬಂದಿದ್ದ ಒಬ್ಬ ಲಾರಿ ಡ್ರೈವರು ತೋಳು ಚಾಚಿ ರಕ್ತ ಕೊಟ್ಟು, ಟೀ ಕುಡಿದು, ಹೆಸರೂ ಹೇಳದೆ ಹೋಗಿಬಿಟ್ಟನಂತೆ. ಅವನು ಮತ್ತೆ ಸಿಗಲಿಲ್ಲ. ಅವತ್ತಿನಿಂದ ಪೆದ್ದಯ್ಯ ಪ್ರತಿ ವರ್ಷ ಚಳ್ಳಕೆರೆಯ ರಕ್ತದಾನ ಶಿಬಿರಕ್ಕೆ ತಪ್ಪದೆ ಹೋಗುತ್ತಿದ್ದರು. ಕೊಟ್ಟು ಬಂದ ಮೇಲೆ ತಲೆಭಾರ ಇಳಿದು ಹಗುರಾಗುತ್ತದೆ, ಕೆಲವು ವಾರ ಮೈ ತುರಿಕೆಯೂ ಕಡಿಮೆಯಾಗುತ್ತದೆ ಎಂದು ಅವರೇ ಹೇಳುತ್ತಿದ್ದರು. ನಾವು ಅದನ್ನು ಪುಣ್ಯದ ಫಲ ಎಂದುಕೊಂಡಿದ್ದೆವು.

ಒಂದು ವರ್ಷ ನಾನೂ ಹೊರಟೆ. ನನ್ನಿಂದಲೂ ಒಂದು ಜೀವಕ್ಕೆ ಆಸರೆಯಾಗಲಿ ಎಂದು ಆಸೆ. ಶಿಬಿರದ ಬಾಗಿಲಲ್ಲೇ ಒಂದು ಮೇಜು, ಅದರ ಮೇಲೆ ಗಾಜಿನ ಲೋಟದಲ್ಲಿ ನೀಲಿ ನೀರು. ಮೈಲುತುತ್ತದ ನೀರು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಅದರಲ್ಲಿ ಬಿಡುತ್ತಾರೆ. ಹನಿ ಗಟ್ಟಿಯಿದ್ದರೆ ಮುಳುಗುತ್ತದೆ, ತೆಳುವಾಗಿದ್ದರೆ ತೇಲುತ್ತದೆ. ಮುಳುಗಿದವರು ಒಳಗೆ, ತೇಲಿದವರು ಮನೆಗೆ. ನನ್ನ ಹನಿ ಹೂವಿನ ಎಸಳಿನಂತೆ ಮೇಲೇ ನಿಂತಿತು.

"ನಿಮಗೇ ಇಲ್ಲ ಅಮ್ಮ, ನೀವೇನು ಕೊಡ್ತೀರಿ?" ಎಂದು ಅಲ್ಲಿದ್ದ ಹುಡುಗಿ ಕಬ್ಬಿಣದ ಮಾತ್ರೆಯ ಪಟ್ಟಿ ಕೈಗಿಟ್ಟಳು.

ಪೆದ್ದಯ್ಯನ ಹನಿ ಕಲ್ಲು ಬಿದ್ದ ಹಾಗೆ ತಳ ಸೇರಿತು. ಅವರು ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಹಿಂದಿನಿಂದ ಬಂದ ಒಬ್ಬ ಡಾಕ್ಟರು ಅವರ ಮುಖ ನೋಡಿ, ಅಂಗೈ ತಿರುಗಿಸಿ ನೋಡಿ, ಮಿಷನ್ನಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು. ಮುಳುಗುತ್ತದೋ ಇಲ್ಲವೋ ಎಂಬುದನ್ನಷ್ಟೇ ಆ ನೀಲಿ ನೀರು ಹೇಳುತ್ತದೆ, ಎಷ್ಟು ಹೆಚ್ಚಾಗಿದೆ ಎಂದು ಹೇಳುವುದಿಲ್ಲ. ಮಿಷನ್ನು ಹೇಳಿತು.

"ಅಜ್ಜ, ನೀವು ಇವತ್ತು ಕೊಡೋದು ಬೇಡ. ನಿಮ್ಮ ರಕ್ತ ತುಂಬ ಹೆಚ್ಚಿದೆ."

"ಹೆಚ್ಚಿದ್ರೆ ತಗಳ್ರಿ ಸಾಮಿ. ಹೆಚ್ಚಿರೋರ ಹತ್ರ ಅಲ್ವಾ ಕೇಳಾದು?"

"ಯಾಕೆ ಹೆಚ್ಚಿದೆ ಅಂತ ಮೊದಲು ಗೊತ್ತಾಗಬೇಕು."

ವಾಪಸ್ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು, ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಂತೆ. ತಳಕು ದಾಟುವಾಗ ಪೆದ್ದಯ್ಯ ಚುಚ್ಚಿದ ಬೆರಳನ್ನು ನೋಡಿಕೊಂಡರು. ಆಮೇಲೆ, "ನಿಂದು ಇಲ್ಲ ಅಂತ ಬ್ಯಾಡ, ನಂದು ಐತೆ ಅಂತ ಬ್ಯಾಡ. ಹಂಗಾರೆ ಅವ್ರಿಗೆ ಬೇಕಾಗಿರಾದು ಯಾರ್ದು?" ಎಂದರು.

ದಾವಣಗೆರೆಯಲ್ಲಿ ಪೆದ್ದಯ್ಯನಿಗೆ ಪರೀಕ್ಷೆಗಳಾದವು. ಕಾಗದಗಳನ್ನು ಹಿಡಿದು ಮತ್ತೆ ಚಳ್ಳಕೆರೆಗೆ, ನಾನು ತೋರಿಸಿಕೊಳ್ಳುತ್ತಿದ್ದ ಡಾಕ್ಟರಮ್ಮನ ಹತ್ತಿರವೇ ಬಂದರು. ಅವತ್ತು ನನ್ನ ಸರದಿಯೂ ಇತ್ತು. ಪೆದ್ದಮ್ಮ ಬಸ್ಸಿನಲ್ಲಿ ತಲೆ ತಿರುಗಿ ಹೊರಗೆ ಬೆಂಚಿನ ಮೇಲೆ ಮಲಗಿದ್ದರು. ಒಳಗೆ ನಡೆದ ಮಾತನ್ನು ಅವರು ಕೇಳಿಸಿಕೊಳ್ಳಲಿಲ್ಲ. ಅದರಿಂದ ಮುಂದೆ ಒಂದು ಅವಾಂತರವೇ ಆಯಿತು.

ಆ ಡಾಕ್ಟರಮ್ಮನಿಗೆ ತಾಳ್ಮೆ ಬಹಳ. "ರಕ್ತ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ ಅಜ್ಜ. ಅದು ಮನಸ್ಸಿಗೆ ಬಂದ ಹಾಗೆ ಮಾಡೋದಲ್ಲ. ಮೈಗೆ ಪ್ರಾಣವಾಯು ಕಡಿಮೆ ಆದ್ರೆ ಕಿಡ್ನಿಗೆ ಗೊತ್ತಾಗುತ್ತೆ. ಕಿಡ್ನಿ ಒಂದು ರಸ ಕಳಿಸಿ, ಇನ್ನಷ್ಟು ಕೆಂಪುಕಣ ಬೇಕು ಅನ್ನುತ್ತೆ. ಸಾಕಾದ ಮೇಲೆ ಕಳಿಸೋದು ಕಡಿಮೆ ಮಾಡುತ್ತೆ. ಮಜ್ಜೆಯೂ ನಿಧಾನ ಮಾಡುತ್ತೆ."

ಪೆದ್ದಯ್ಯ, "ಅಂದ್ರೆ ಕಿಡ್ನಿ ಸಾವ್ಕಾರ, ಮೂಳೆ ನೇಕಾರ" ಎಂದರು.

"ಹಾಗೇ ಅಂದ್ಕೊಳ್ಳಿ. ನಿಮ್ಮ ಸಾಹುಕಾರ ಸುಮ್ಮನೆ ಕೂತಿದ್ದಾನೆ. ಆರ್ಡರೇ ಕೊಡ್ತಿಲ್ಲ. ಆದರೂ ನೇಕಾರ ನೇಯ್ತಾನೇ ಇದ್ದಾನೆ."

"ಆರ್ಡರ್ ಇಲ್ದೆ ನೇಯ್ತಾ ಐತಾ?" ಪೆದ್ದಯ್ಯನಿಗೆ ಅದು ರೋಗಕ್ಕಿಂತ ದೊಡ್ಡ ಆಶ್ಚರ್ಯ. "ಮೊಳಕಾಲ್ಮುರಾಗೆ ಆರ್ಡರ್ ಇದ್ರೂ ಮಗ್ಗ ನಿಂತ್ಕಂಡಿರ್ತಾವೆ. ಎಲ್ಲೈತಮ್ಮ ಅದು, ಕಾಲಾಗಾ? ರಾತ್ರಿ ಪಾದ ಉರೀತಾವೆ."

"ಕಾಲಲ್ಲಿ ಅಲ್ಲ. ನಿಮ್ಮ ವಯಸ್ಸಿಗೆ ಸೊಂಟದ ಮೂಳೆ, ಬೆನ್ನುಮೂಳೆ, ಎದೆಯ ಮೂಳೆ, ಇಂಥ ಕಡೆ ಇರುತ್ತೆ."

ಪೆದ್ದಯ್ಯ ತಮ್ಮ ಸೊಂಟವನ್ನು ಮೆಲ್ಲಗೆ ತಟ್ಟಿ ನೋಡಿಕೊಂಡರು. "ಕೂತ್ಕಳೋ ಜಾಗದಾಗೇ ಐತೆ. ಸರಿಯಾಗೇ ಇಟ್ಟಾನೆ ದೇವ್ರು."

ಯಾಕೆ ಹೀಗಾಯಿತು ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ, ಕಣಗಳನ್ನು ಹುಟ್ಟಿಸುವ ತಾಯಿಕಣದೊಳಗೆ ಒಂದು ಕಡೆ ತಪ್ಪಾಗಿದೆ, ಹುಟ್ಟುವಾಗ ಇರಲಿಲ್ಲ, ನಡುವೆ ಯಾವಾಗಲೋ ಆದದ್ದು, ಅದರಿಂದ ಹುಟ್ಟುವುದಕ್ಕೆಲ್ಲ ಅದೇ ತಪ್ಪು ಬರುತ್ತದೆ ಎಂದರು. ಇದನ್ನು ಪೆದ್ದಯ್ಯನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೀರೆಯ ಅಂಚಿನ ಹೂವು ಬಳ್ಳಿಯೆಲ್ಲ ಮಗ್ಗದ ಮೇಲೆ ಸುತ್ತುವ ಜಕಾರ್ಡ್ ಯಂತ್ರದ ರಟ್ಟುಗಳಲ್ಲಿ ತೂತುಗಳಾಗಿ ಇರುತ್ತದೆ. ಒಂದು ತೂತು ತಪ್ಪಿ ಬಿದ್ದರೆ, ನೇಕಾರ ಎಷ್ಟೇ ಜಾಣನಾಗಿರಲಿ, ಆ ರಟ್ಟು ಸುತ್ತಿ ಬಂದಾಗಲೆಲ್ಲ ಹೂವಿನ ಅದೇ ಎಸಳು ಸೊಟ್ಟ.

"ನಿಮ್ಮ ತಪ್ಪಿನಿಂದ ಆದದ್ದಲ್ಲ ಅಜ್ಜ" ಎಂದರು ಡಾಕ್ಟರಮ್ಮ.

"ಗೊತ್ತಾತು. ರಟ್ಟಿನ ತಪ್ಪು."

ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಹಿಡಿತದಲ್ಲಿಟ್ಟರೆ ಬಹಳ ಕಾಲ ಚೆನ್ನಾಗಿರಬಹುದು. ಹಾಗೇ ಬಿಟ್ಟರೆ ರಕ್ತ ಮಂದವಾಗಿ, ಎಲ್ಲಾದರೂ ಹೆಪ್ಪುಗಟ್ಟಿ, ಲಕ್ವ ಹೊಡೆಯಬಹುದು, ಪ್ರಾಣವೂ ಹೋಗಬಹುದು. ಅದಕ್ಕೆ ದಿನಕ್ಕೊಂದು ಸಣ್ಣ ಮಾತ್ರೆ, ಆಗಾಗ ಬಂದು ಒಂದು ಚೀಲದಷ್ಟು ರಕ್ತ ತೆಗೆಸಬೇಕು.

"ತೆಗೆದ್ರೆ ಮತ್ತೆ ನೇಯಲ್ವಾ ಅದು?"

"ರಕ್ತದ ಜೊತೆ ಮೈಯಲ್ಲಿರೋ ಕಬ್ಬಿಣವೂ ಹೋಗುತ್ತೆ. ಕಬ್ಬಿಣ ಇಲ್ಲದೆ ಕೆಂಪುಕಣ ಆಗಲ್ಲ."

"ನೂಲು ಕೊಡದಿದ್ರೆ ಮಗ್ಗ ತಾನಾಗೇ ನಿಲ್ತೈತೆ."

ಡಾಕ್ಟರಮ್ಮ ನಕ್ಕು ನನ್ನ ಕಡೆ ತಿರುಗಿದರು. "ನಿಮ್ಮದು ಉಲ್ಟಾ ಅಮ್ಮ. ಸಾಹುಕಾರ ಕೂಗ್ತಾನೇ ಇದ್ದಾನೆ, ನೇಕಾರನ ಹತ್ತಿರ ನೂಲಿಲ್ಲ."

"ನನ್ ಹತ್ರ ಇರೋ ನೂಲು ಇವಳಿಗೆ ಹಾಕಕ್ಕಾಗಲ್ವಾ?" ಎಂದು ಪೆದ್ದಯ್ಯ ಕೇಳಿಯೇ ಕೇಳಿದರು. ಆಗುವುದಿಲ್ಲವಂತೆ. ರೋಗಿಯ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಆ ಮಾತು ನನ್ನೊಬ್ಬಳ ಮಟ್ಟಿಗೆ ಮಾತ್ರ, ಬೇರೆಯವರಿಗೆ ಕೊಡಬಹುದು ಎಂದು ಪೆದ್ದಯ್ಯ ತಿಳಿದುಕೊಂಡರೆಂದು ಆಮೇಲೆ ಗೊತ್ತಾಯಿತು.

ಮೊದಲ ಸಲ ರಕ್ತ ತೆಗೆಸಿಕೊಂಡು ಬಂದ ದಿನ ಪೆದ್ದಯ್ಯ ಸುಸ್ತಾಗಿ ಒರಗಿದರು. ಪೆದ್ದಮ್ಮನಿಗೆ ಗೊತ್ತಿದ್ದದ್ದು ಒಂದೇ. ಮನೆಯಲ್ಲಿ ಯಾರಿಗಾದರೂ ಅಷ್ಟೊಂದು ರಕ್ತ ಹೋಯಿತೆಂದರೆ ಬಾಣಂತನ ಮಾಡಬೇಕು. ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದ ಕೈ ಅದು. ಗಂಡನ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಹಾಕಿ, ಬಿಸಿಬಿಸಿ ನುಗ್ಗೆಸೊಪ್ಪಿನ ಸಾರು, ಹೊತ್ತು ಹೊತ್ತಿಗೆ ಅಂಟಿನುಂಡೆ. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಕಟ್ಟಿದ ಆ ಉಂಡೆಯ ವಾಸನೆ ನಮ್ಮ ದೇವರ ಮನೆಗೆ ಬಂದು ನನ್ನ ಧ್ಯಾನ ಕೆಡಿಸುತ್ತಿತ್ತು.

ಸುದ್ದಿ ಟೀ ಅಂಗಡಿಗೆ ಮುಟ್ಟಲು ಎಷ್ಟು ಹೊತ್ತು? ಪೆದ್ದಯ್ಯ ತಲೆಗೆ ಬಟ್ಟೆ ಕಟ್ಟಿಕೊಂಡೇ ಬೀದಿಗೆ ಬಂದರೆ ಅಲ್ಲಿ ಕೂತವರು ಬಿಡುತ್ತಿರಲಿಲ್ಲ.

"ಏನ್ ಪೆದ್ದಯ್ಯ, ಕೂಸು ಗಂಡೋ ಹೆಣ್ಣೋ?"

"ಹೆಣ್ಣು ಕಣ್ಲೇ. ನಿನ್ ಮಗನಿಗೆ ಕೊಡಲ್ಲ, ಹೋಗು."

ಮುಂದಿನ ಸಲ ಪರೀಕ್ಷೆ ಮಾಡಿದರೆ, ಇಳಿಯಬೇಕಿದ್ದ ರಕ್ತ ಮತ್ತೆ ಏರಿ ಕೂತಿತ್ತು. ಡಾಕ್ಟರಮ್ಮ ಕಾಗದವನ್ನು ಎರಡೆರಡು ಸಲ ನೋಡಿದರು. "ಅಜ್ಜ, ಏನು ತಿಂತಿದ್ದೀರಿ?"

ಪೆದ್ದಯ್ಯ ಛಾವಣಿ ನೋಡಿದರು. ಈ ಸಲ ಒಳಗೇ ಕೂತಿದ್ದ ಪೆದ್ದಮ್ಮ ತಾವು ಮಾಡಿದ ಸೇವೆಯನ್ನೆಲ್ಲ ಒಂದೊಂದಾಗಿ, ಬಹಳ ಅಭಿಮಾನದಿಂದ ಹೇಳಿದರು. ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

"ಬಾಣಂತನ ನಿಲ್ಲಿಸಿ ಅಜ್ಜಿ. ನಾನು ನೂಲು ಕಿತ್ಕೊಳ್ತಿದ್ದೀನಿ, ನೀವು ಮೂಟೆ ಮೂಟೆ ತಂದು ಹಾಕ್ತಿದ್ದೀರಿ."

"ರಕ್ತ ಹೋದೋರಿಗೆ ತಿನ್ನಾಕೆ ಕೊಡಬ್ಯಾಡ ಅಂದ್ರೆ ಇದ್ಯಾವ ಸೀಮೆ ವೈದ್ಯ?" ಪೆದ್ದಮ್ಮನಿಗೆ ಅಳುವೇ ಬಂದಿತು. ಆಮೇಲೆ ಗಂಡನ ಕಡೆ ತಿರುಗಿ, "ಏಮಯ್ಯಾ, ನಿಂಗೆ ಗೊತ್ತಿತ್ತಾ ಇದು?" ಎಂದರು.

"ನೂಲು ಅಂದ್ರೆ ಕಬ್ಬಿಣದ ಮಾತ್ರೆ ಅನ್ಕಂಡಿದ್ದೆ" ಎಂದರು ಪೆದ್ದಯ್ಯ. "ಉಂಡೆ ಅಂತ ನಂಗೇನ್ ಗೊತ್ತು?" ಅದನ್ನು ಹೇಳುವಾಗ ಅವರ ಮುಖ ನೋಡಿದ ನಾನು ಇವತ್ತಿಗೂ ಆ ಮಾತನ್ನು ನಂಬಿಲ್ಲ.

ಅವತ್ತು ಸಂಜೆ ಅಂಟಿನುಂಡೆಯ ಡಬ್ಬ ನಮ್ಮ ಮನೆಗೆ ಬಂತು. "ನಿನಗಾದ್ರೂ ಹತ್ತಲಿ, ತಿನ್ನಮ್ಮ" ಎಂದು ಪೆದ್ದಮ್ಮ ಕಟ್ಟೆಯ ಮೇಲೆ ಇಟ್ಟು ಹೋದರು. ಖಾಲಿಯಾದರೆ ಮತ್ತೆ ತುಂಬಿ ಬರುತ್ತಿತ್ತು. ಪೆದ್ದಯ್ಯ ನಾನು ತಿನ್ನುವುದನ್ನು ನೋಡಿದರೆ ಮುಖ ಆಚೆ ತಿರುಗಿಸುತ್ತಿದ್ದರು. "ಒಂದು ಚೂರು ಕೊಡೇ ತಾಯಿ, ಬೆರಳಿನ ತುದಿಯಷ್ಟು" ಎಂದು ಒಮ್ಮೆ ಕೇಳಿದ್ದರು. ಕೊಡಲಿಲ್ಲ. ಒಳಗಿನಿಂದ ಪೆದ್ದಮ್ಮ ನೋಡುತ್ತಿದ್ದರು.

ನಗುವ ಮಾತು ಇಲ್ಲಿಗೆ ನಿಂತಿತು. ಇನ್ನೊಂದು ಸಲ ರಕ್ತ ತೆಗೆಸುವಾಗ, ಚೀಲ ತುಂಬುವುದನ್ನು ನೋಡುತ್ತ ಅವರು ನರ್ಸಮ್ಮನನ್ನು ಕೇಳಿದರಂತೆ.

"ಇದು ಯಾರಿಗೆ ಹೋಗ್ತೈತವ್ವ?"

"ಯಾರಿಗೂ ಇಲ್ಲಜ್ಜ. ಹಳದಿ ಚೀಲಕ್ಕೆ. ಅಲ್ಲಿಂದ ಸುಡೋಕೆ ಕಳಿಸ್ತಾರೆ."

ಅಲ್ಲಿಯವರೆಗೂ ಪೆದ್ದಯ್ಯ, ನನಗಲ್ಲದಿದ್ದರೆ ಇನ್ನು ಯಾರಿಗಾದರೂ ಹೋಗುತ್ತಿರುತ್ತದೆ ಎಂದೇ ನಂಬಿದ್ದರು. ಹರಕೆ ನಡೆಯುತ್ತಿದೆ ಎಂದೇ ತೋಳು ಚಾಚುತ್ತಿದ್ದರು. ಮನೆಗೆ ಬಂದವರು ಮುಂದಿನ ಸಲದ ದಿನ ಬಂದಾಗ ಏಳಲಿಲ್ಲ. "ಕೊಡೋ ರಕ್ತ ಬೇರೆ, ಚೆಲ್ಲೋ ರಕ್ತ ಬೇರೆ. ನೇಯ್ದಿದ್ದನ್ನ ಬೆಂಕಿಗೆ ಹಾಕಾಕೆ ನಾನು ಬಸ್ ಚಾರ್ಜ್ ಕೊಟ್ಟು ಯಾಕೆ ಹೋಗ್ಲಿ?" ಪೆದ್ದಮ್ಮ ಜಗಳವಾಡಿದರು, ಹೆಣ್ಣುಮಕ್ಕಳು ಫೋನಿನಲ್ಲಿ ಅತ್ತರು. ಪೆದ್ದಯ್ಯ ಮಗ್ಗದ ಗುಣಿಗೆ ಇಳಿದರೆ ಏಳುತ್ತಿರಲಿಲ್ಲ. ಮುಖ ಮತ್ತೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಗೋಡೆಯಾಚೆ ಮಗ್ಗದ ಸದ್ದು ಮೊದಲಿಗಿಂತ ಜೋರಾಯಿತು. ನಾನು ದೇವರ ಮುಂದೆ ಕೂತು ಅವರ ಮೊಂಡುತನ ಇಳಿಸಪ್ಪ ಎಂದು ಕೇಳಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಆ ಸದ್ದು ನಡುವೆ ನಿಂತಿತು. ಸ್ವಲ್ಪ ಹೊತ್ತಿಗೆ ಪೆದ್ದಮ್ಮ ಹಿತ್ತಲ ಬಾಗಿಲಿಗೆ ಬಂದರು. ಲಾಳಿ ಕೈಯಿಂದ ಜಾರಿ ಬಿತ್ತಂತೆ. ಎತ್ತಿಕೊಳ್ಳಲು ಹೋದರೆ ಬಲಗೈ ಬರಲಿಲ್ಲವಂತೆ, ತುಟಿ ಒಂದು ಕಡೆಗೆ ಎಳೆದ ಹಾಗಾಗಿತ್ತಂತೆ. ಆಮೇಲೆ ತಾನಾಗಿಯೇ ಸರಿಹೋಯಿತಂತೆ. ಯಾರಿಗಾದರೂ ಹೇಳಿದರೆ ನೋಡು ಎಂದು ಹೆದರಿಸಿ ಮತ್ತೆ ನೇಯಲು ಕೂತಿದ್ದಾರಂತೆ. ಡಾಕ್ಟರಮ್ಮ ಹೆದರಿದ್ದು ಇದಕ್ಕೇ.

ನಾನು ದೀಪಕ್ಕೆ ಹಾಕುತ್ತಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಅವರ ಮನೆಗೆ ಹೋದೆ. ಹಿರಿಯರಿಗೆ ಎದುರು ನಿಂತು ಬುದ್ಧಿ ಹೇಳುವ ಅಭ್ಯಾಸ ನನಗಿಲ್ಲ. ಹಾಗಾಗಿ ಪೆದ್ದಮ್ಮನನ್ನು ಕೂರಿಸಿಕೊಂಡು, ಅವರಿಗೇ ಹೇಳುವಂತೆ, ಮಗ್ಗದ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಪೆದ್ದಮ್ಮ, ನಾನು ದೊಡ್ಡೋಳಾದಾಗ್ಲಿಂದ ತಿಂಗಳು ತಿಂಗಳು ಚೆಲ್ತಾ ಬಂದೀನಿ. ನೀವೂ ಚೆಲ್ಲೀರಿ. ಯಾರಿಗೆ ಹೋಯ್ತು ಅಂತ ಒಂದಿನನಾದ್ರೂ ಕೇಳಿದೀವಾ? ಬಟ್ಟೆ ಒಗ್ದು ಹಾಕಿ ಒಲೆ ಹಚ್ಚಿದೀವಿ. ಅದು ಚೆಲ್ಲೋದಕ್ಕೇ ಇರೋ ರಕ್ತ, ಚೆಲ್ಲಿದ್ರೇನೇ ಮೈ ನೆಟ್ಟಗಿರಾದು. ಈ ಗಂಡಸರಿಗೆ ಮಾತ್ರ ಒಂದು ಹನಿ ಹೋದ್ರೂ ಲೆಕ್ಕ ಬೇಕು, ಹೆಸ್ರು ಬೇಕು, ಪುಣ್ಯ ಬೇಕು."

ಟಕಟಕ ನಿಂತುಬಿಟ್ಟಿತು. ಪೆದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡಿದರು. ಇಂಥ ಮಾತನ್ನು ಗಂಡಸರ ಕಿವಿಗೆ ಬೀಳುವ ಹಾಗೆ ನಾನು ಹಿಂದೆಂದೂ ಆಡಿದವಳಲ್ಲ. ಪೆದ್ದಯ್ಯನ ಕೈ ಮತ್ತೆ ಬಿದ್ದಿತೋ ಏನೋ ಎಂದು ನಾನು ಎದ್ದು ಕೋಣೆಯ ಬಾಗಿಲಿಗೆ ಹೋದೆ.

"ಚಳ್ಳಕೆರೆ ಬಸ್ಸು ಈಗ ಎಷ್ಟೊತ್ತಿಗೈತಮ್ಮ?" ಎಂದರು ಪೆದ್ದಯ್ಯ, ಗುಣಿಯೊಳಗಿನಿಂದ.

ಆಮೇಲೆ ಅವರು ಒಂದು ಸಲವೂ ತಪ್ಪಿಸಲಿಲ್ಲ. ಮಾತ್ರೆಯೂ ಇನ್ನೊಂದು ಸೇರಿತು. ಬಹಳ ವರ್ಷ ನಾವು ಜೊತೆಗೇ ಹೋಗಿ ಬಂದೆವು, ಅವರು ಖಾಲಿ ಮಾಡಿಸಿಕೊಳ್ಳಲು, ನಾನು ತುಂಬಿಸಿಕೊಳ್ಳಲು. ಪಕ್ಕಪಕ್ಕದ ಮಂಚ, ಅವರ ಚೀಲ ಕೆಳಗೆ, ನನ್ನ ಕಬ್ಬಿಣದ ಬಾಟಲಿ ಮೇಲೆ. ಕಂಡಕ್ಟರು ಗುರುತು ಹಿಡಿದು ಮುಂದಿನ ಸೀಟು ಬಿಡಿಸಿ ಕೊಡುತ್ತಿದ್ದ. ನರ್ಸಮ್ಮನಿಗೆ ನನ್ನ ನರ ಮೊದಲ ಚುಚ್ಚಿಗೇ ಸಿಕ್ಕರೆ ನಾನು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದೆ. "ದೇವ್ರಿಗೆ ಬೇರೆ ಕೆಲ್ಸ ಇಲ್ವಾ, ನಿನ್ ನರ ಹುಡುಕ್ತಾ ಕೂತಿರ್ತಾನೆ" ಎಂದು ಪೆದ್ದಯ್ಯ ಛೇಡಿಸುತ್ತಿದ್ದರು.

ಒಮ್ಮೆ ಲ್ಯಾಬಿನ ಹುಡುಗ ಇಬ್ಬರ ರಕ್ತವನ್ನೂ ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಪೆದ್ದಯ್ಯನದರಲ್ಲಿ ಕಣಗಳು ಒಂದರ ಮೇಲೊಂದು ಒತ್ತೊತ್ತು. ನನ್ನದು ಅಲ್ಲೊಂದು ಇಲ್ಲೊಂದು, ನಡುವೆ ಬಿಳಿಚಿದ ಸಣ್ಣ ಬಿಲ್ಲೆಗಳು. ಅವರು ಬಟ್ಟೆ ನೋಡುವ ಹಾಗೆ ಬಹಳ ಹೊತ್ತು ನೋಡಿದರು. "ನಿಂದು ಸೊಳ್ಳೆಪರದೆ ಕಣಮ್ಮ" ಎಂದರು ಕೊನೆಗೆ. "ನಂದು ಜಮಖಾನ. ಉಡಾಕೆ ಎರಡೂ ಬರಲ್ಲ."

ಕೆಂಪುಕಣದ ಆಯುಸ್ಸು ಮೂರು ನಾಲ್ಕು ತಿಂಗಳಂತೆ, ಹಳತಾದ ಮೇಲೆ ಮೈಯೇ ಅದನ್ನು ಬಿಡಿಸಿ ಕಬ್ಬಿಣ ತೆಗೆದಿಟ್ಟು ಹೊಸದಕ್ಕೆ ಬಳಸುತ್ತದಂತೆ ಎಂದು ಅದೇ ಹುಡುಗ ಹೇಳಿದ. ಪೆದ್ದಯ್ಯನಿಗೆ ಅದು ಬಹಳ ಹಿಡಿಸಿತು. ಹಳೆಯ ರೇಷ್ಮೆ ಸೀರೆಗಳನ್ನು ಕೊಂಡು, ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುವವರು ನಮ್ಮ ಬೀದಿಗೂ ಬರುತ್ತಾರೆ. "ಒಳಗೂ ಒಬ್ಬ ಹಳೇ ಸೀರೆ ಸಾಬಣ್ಣ ಕೂತಿದಾನೆ ಅನ್ನು" ಎಂದು ಬಸ್ಸಿನಲ್ಲಿ ನೆನೆನೆನೆದು ನಕ್ಕರು. ನಮ್ಮೂರ ಹತ್ತಿರದ ಹಾನಗಲ್ ಬಂದರೂ ನಗುತ್ತಿದ್ದರು.

ಆದರೆ ಹರಕೆಯ ಕೊರಗು ಅವರಿಗೆ ಪೂರ್ತಿ ಹೋಗಿರಲಿಲ್ಲ. ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ನಾವೆಲ್ಲ ಹೋದಾಗ, ಜಟಾಯು ಬಿದ್ದ ಜಾಗ ಇದೇ ಎಂದು ಯಾರೋ ಮಕ್ಕಳಿಗೆ ಹೇಳುತ್ತಿದ್ದರು. ಪೆದ್ದಯ್ಯ ಬಂಡೆಗೆ ಒರಗಿ ಕೇಳಿಸಿಕೊಂಡು, "ಆ ಹಕ್ಕೀದೂ ಯಾವ ಬಾಟ್ಲಿಗೂ ಹೋಗ್ಲಿಲ್ಲ. ಮಣ್ಣಿಗೇ ಹೋತು. ಆದ್ರೂ ಗುಡಿ ಕಟ್ಟಿದ್ರು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನನ್ ಬದ್ಲು ನೀನು ಕೊಡ್ತೀಯೇನಮ್ಮ, ಯಾವತ್ತಾದ್ರೂ?" ಎಂದು ಕೇಳಿದರು. ನಾನು ದೇವರ ಎದುರಿನಲ್ಲೇ ಹೂಂ ಎಂದೆ.

ಹೂಂ ಎನ್ನುವುದು ಸುಲಭ. ಪ್ರತಿ ವರ್ಷ ಶಿಬಿರಕ್ಕೆ ಹೋಗುತ್ತಿದ್ದೆವು. ಅವರು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದರು.

"ತೇಲ್ತಾ?"

"ತೇಲ್ತು ಪೆದ್ದಯ್ಯ."

"ಬಿಡು. ಮುಂದಿನ್ ವರ್ಷ ಮುಳುಗ್ಸಾನ."

ಅವರ ಜೊತೆ ಕೊನೆಯ ಸಲ ಹೋದಾಗ ನನ್ನ ಹನಿ ಅರ್ಧಕ್ಕೆ ಇಳಿದು ನಡುನೀರಿನಲ್ಲಿ ನಿಂತು, ಯೋಚನೆ ಮಾಡಿ, ಮತ್ತೆ ಮೇಲೆ ಬಂದಿತ್ತು. ಅದನ್ನು ಹೇಳಿದಾಗ ಅವರ ಮುಖದಲ್ಲಿ ಕಂಡ ಗೆಲುವನ್ನು ನಾನು ಮರೆಯಲಾರೆ. "ದಾರಿ ಕಂಡೈತೆ ಅದಕ್ಕೆ" ಎಂದಿದ್ದರು.

ಪೆದ್ದಯ್ಯ ಹೋದದ್ದು ರಕ್ತದಿಂದಲ್ಲ. ಎಪ್ಪತ್ತು ದಾಟಿದ ಮೇಲೆ ಒಂದು ಚಳಿಗಾಲ ಎದೆಯಲ್ಲಿ ಕಫ ಕಟ್ಟಿ, ಕೆಲವೇ ದಿನ ಮಲಗಿ, ಮಗಳ ಕೈಯಿಂದ ಗಂಜಿ ಕುಡಿದು ಹೋದರು. ಕೈ ಬೀಳಲಿಲ್ಲ, ಬಾಯಿ ತೊದಲಲಿಲ್ಲ. ಮಲಗುವ ಹಿಂದಿನ ದಿನದವರೆಗೂ ಲಾಳಿ ಎಸೆದಿದ್ದರು. ಸೊಂಟದೊಳಗಿನ ಆ ಹಠಮಾರಿ ಮಗ್ಗವನ್ನು ಅಷ್ಟು ಕಾಲ ಅಂಕೆಯಲ್ಲಿಟ್ಟ ಡಾಕ್ಟರಮ್ಮನಿಗೂ, ಇಡಿಸಿದ ದೇವರಿಗೂ ನಾವು ಕೈ ಮುಗಿದೆವು.

ಈ ನಡುವೆ ನನ್ನ ಮುಟ್ಟೂ ನಿಂತಿತು. ಮೈಗೆ ಹೋದ ಕಬ್ಬಿಣ ಮೈಯಲ್ಲೇ ಉಳಿಯತೊಡಗಿತು. ಪೆದ್ದಮ್ಮನ ಡಬ್ಬವಂತೂ ನಿಂತಿರಲೇ ಇಲ್ಲ. ಈ ವರ್ಷ ಶಿಬಿರಕ್ಕೆ ಒಬ್ಬಳೇ ಹೋದೆ. ಅದೇ ಮೇಜು, ಅದೇ ನೀಲಿ ನೀರು. ಹನಿ ಬಿದ್ದು, ಗಳಿಗೆ ತಡೆದು, ಬಾಲ ಎಳೆದುಕೊಂಡು ಮೆಲ್ಲಗೆ ಇಳಿಯಿತು. ಇಳಿಯುತ್ತ ಹೋಗಿ ತಳಕ್ಕೆ ತಾಕಿತು. ಮಿಷನ್ನೂ ಹೂಂ ಎಂದಿತು. ನಾನು ಮಲಗಿ ತೋಳು ಚಾಚಿದೆ. ಚೀಲ ತುಂಬುವಾಗ ಯಾರಿಗೆ ಹೋಗುತ್ತದೆ ಎಂದು ಕೇಳಲಿಲ್ಲ. ಹೊರಗೆ ಬಂದು ಬೇವಿನ ಮರದ ಕಡೆ ನೋಡಿದೆ. ಅಲ್ಲಿ ಯಾರದೋ ಬೈಕು ನಿಂತಿತ್ತು.

ಸಂಜೆ ಮನೆ ತಲುಪುವಾಗ ಪೆದ್ದಮ್ಮ ನಮ್ಮ ಕಟ್ಟೆಯ ಮೇಲೇ ಕೂತಿದ್ದರು.

"ತೇಲ್ತಾ?"

"ಮುಳುಗ್ತು ಪೆದ್ದಮ್ಮ. ಕೊಟ್ಟು ಬಂದೆ."

ಅವರು ಎದ್ದು ತಮ್ಮ ಮನೆಯೊಳಗೆ ಹೋದರು. ನಾನೂ ಹಿಂದೆಯೇ ಹೋದೆ. ಡಬ್ಬದಿಂದ ಒಂದು ಅಂಟಿನುಂಡೆ ತೆಗೆದು ನನ್ನ ಕೈಗಿಟ್ಟರು. ಇನ್ನೊಂದನ್ನು, ಇದ್ದುದರಲ್ಲಿ ದೊಡ್ಡದನ್ನು ಆರಿಸಿ ತೆಗೆದುಕೊಂಡು ಮಗ್ಗದ ಕೋಣೆಗೆ ನಡೆದರು. ಪೆದ್ದಯ್ಯ ಕೂರುತ್ತಿದ್ದ ಹಲಗೆಯನ್ನು ಸೆರಗಿನಿಂದ ಒರೆಸಿ, ಉಂಡೆಯನ್ನು ಅದರ ಮೇಲಿಟ್ಟರು.

"ತಿನ್ನಯ್ಯಾ," ಎಂದರು, "ಇನ್ನ ಯಾರೂ ಬೈಯಲ್ಲ."